ದಂಡಿನ ಪಾಳೆಯವೂ ಹೊಳೆಯ ನೀರೂ

ಶಾಂತಿಪಾಲನಾ ಪಡೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೀಲಿ ಶಿರಸ್ತ್ರಾಣ ಧರಿಸಿದ ಯೋಧ, ಬಿಳಿಯ ಬಣ್ಣ ಬಳಿದ ವಾಹನ, ಅದರ ಮೇಲೆ ಹಾರಾಡುವ ವಿಶ್ವಸಂಸ್ಥೆಯ ಧ್ವಜ. 1948ರಿಂದೀಚೆಗೆ ಈ ದೃಶ್ಯವು ಭೂಮಂಡಲದ ಅನೇಕ ಕಡೆಗಳಲ್ಲಿ ಕಂಡುಬಂದಿದೆ. ಕನ್ನಡಿಗರಿಗೂ ಇದು ತೀರ ಅಪರಿಚಿತವಾದುದಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ಅಧಿಪತ್ಯವನ್ನು ವಹಿಸಿಕೊಂಡು, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ದಿವಂಗತರಾದರು. ಅಂದಿನಿಂದ ಇಂದಿನವರೆಗೆ ಎರಡು ಲಕ್ಷಕ್ಕೂ ಮಿಕ್ಕ ಭಾರತೀಯರು ಇಂಥ ಪಡೆಗಳಲ್ಲಿ ಸೇವೆ ಸಲ್ಲಿಸಿದ್ದಾರೆ.

ಆದರೆ ಧ್ವಜ, ಬಂದೂಕು, ವಾಹನ ಇವಿಷ್ಟರಿಂದಲೇ ಪಾಳೆಯವಾಗುವುದಿಲ್ಲ. ಯೋಧನೂ ಮನುಷ್ಯನೇ. ಅವನು ಕುಡಿಯಬೇಕು, ಉಣ್ಣಬೇಕು, ಸ್ನಾನ ಮಾಡಬೇಕು, ಬಟ್ಟೆ ಒಗೆಯಬೇಕು, ಶೌಚಕ್ಕೆ ಹೋಗಬೇಕು. ಒಬ್ಬನಿಗೆ ದಿನಕ್ಕೆ 80 ಲೀಟರ್ ನೀರು ಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 400 ಮಂದಿಯ ಒಂದು ಪಾಳೆಯಕ್ಕೆ ದಿನವೊಂದಕ್ಕೆ 32,000 ಲೀಟರ್ ನೀರು ಬರಬೇಕು. ಬಂದ ನೀರು ಮಾಯವಾಗುವುದಿಲ್ಲ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಎಂದರೆ ಸುಮಾರು 25,000 ಲೀಟರಿನಷ್ಟು, ಕೊಳೆನೀರಾಗಿ ಹೊರಗೆ ಹೋಗಲೇಬೇಕು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಬಹು ಮಂದಿ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ.

ಈ ಎರಡನೆಯ ಪ್ರಶ್ನೆಯನ್ನು ಸಕಾಲದಲ್ಲಿ ಕೇಳದೆ ಹೋದುದರಿಂದ, ಶಾಂತಿಗಾಗಿ ನೆಲಸಿದ್ದ ಒಂದು ಪಾಳೆಯವು ಒಂದು ಇಡೀ ದೇಶಕ್ಕೆ ಮಾರಿಯನ್ನು ತಂದಿಟ್ಟಿತು. ಯಾರೂ ಕೆಡುಕನ್ನು ಬಯಸಿರಲಿಲ್ಲ. ಒಂದು ಗುಂಡೂ ಹಾರಲಿಲ್ಲ. ಆದರೂ ಸುಮಾರು ಹತ್ತು ಸಾವಿರ ಜನ ಸತ್ತರು. ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ 2010ರಲ್ಲಿ ಜರುಗಿದ ಈ ವೃತ್ತಾಂತವನ್ನೂ, ಅದರ ಮೂಲವನ್ನು ವಿಜ್ಞಾನಿಗಳು ಹುಡುಕಿ ತೆಗೆದ ಬಗೆಯನ್ನೂ ಇಲ್ಲಿ ಓದುಗರ ಮುಂದಿಡುತ್ತೇವೆ.

ಹೊಳೆಯ ದಂಡೆಯ ಪಾಳೆಯ

ಹೈಟಿಯು 1804ರಲ್ಲಿ ಫ್ರೆಂಚರ ಆಳ್ವಿಕೆಯನ್ನು ಕಿತ್ತೊಗೆದು ಸ್ವತಂತ್ರವಾದ ದೇಶ. ದಾಸ್ಯದಲ್ಲಿದ್ದ ಜನರೇ ದಂಗೆಯೆದ್ದು ಕಟ್ಟಿಕೊಂಡ ಗಣರಾಜ್ಯ. ಆದರೆ ಬಡತನವೂ ರಾಜಕೀಯ ಕ್ಷೋಭೆಗಳೂ ಅದನ್ನು ಬೆನ್ನಟ್ಟಿಕೊಂಡೇ ಬಂದುವು. 2004ರಲ್ಲಿ ಅಲ್ಲಿನ ಸರಕಾರ ಉರುಳಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಒಂದು ಶಾಂತಿಪಾಲನಾ ಪಡೆಯನ್ನು ಕಳುಹಿಸಿತು. ನಾನಾ ದೇಶಗಳ ತುಕಡಿಗಳು ಅಲ್ಲಲ್ಲಿ ಬೀಡುಬಿಟ್ಟುವು.

2010ರ ಜನವರಿ 12ರಂದು ರಾಜಧಾನಿ ಪೋರ್ಟ್ ಔ ಪ್ರಿನ್ಸ್ ನಗರದ ಸಮೀಪದಲ್ಲಿ ಭಯಂಕರವಾದ ಭೂಕಂಪವಾಯಿತು. ಅದರ ಪ್ರಮಾಣ 7.0. ನಗರದ ಬಹುಭಾಗ ನೆಲಸಮವಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಕಳೆದುಕೊಂಡು ಗುಡಾರಗಳನ್ನು ಸೇರಿದರು. ವಿಶ್ವಸಂಸ್ಥೆಯ ಸಿಬ್ಬಂದಿಯಲ್ಲಿಯೇ 102 ಮಂದಿ ಮಡಿದರು. ಇಂತಹ ಪರಿಸ್ಥಿತಿಯಲ್ಲಿ ಶಾಂತಿಪಾಲಕರ ಸಂಖ್ಯೆಯನ್ನು ಹೆಚ್ಚಿಸಿದುದು ಸಹಜವೇ ಆಗಿದ್ದಿತು.

ರಾಜಧಾನಿಯಿಂದ ದೂರದಲ್ಲಿ, ಒಳನಾಡಿನ ಗುಡ್ಡಗಳ ನಡುವೆ ಮಿರೆಬಲೆ ಎಂಬ ಪಟ್ಟಣವಿದೆ. ಅದರ ದಕ್ಷಿಣಕ್ಕೆ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ಮೇಯ್ ಎಂಬ ಸಣ್ಣ ಹಳ್ಳಿ, ಅದೇ ಹೆಸರಿನ ಒಂದು ಹಳ್ಳ. ಹಳ್ಳದ ದಂಡೆಯ ಮೇಲೆ ನೇಪಾಳದ ತುಕಡಿಯ ಪಾಳೆಯವಿದ್ದಿತು. ಮೇಯ್ ಹಳ್ಳವು ಲಾಟೆಮ್ ಎಂಬ ತೊರೆಯನ್ನೂ, ಅದು ಮುಂದೆ ಆರ್ಟಿಬೊನೀಟ್ ನದಿಯನ್ನೂ ಸೇರುತ್ತದೆ. ಆರ್ಟಿಬೊನೀಟ್ ಎಂದರೆ ಹೈಟಿಯ ಅತ್ಯಂತ ಉದ್ದವಾದ ನದಿ. ಸುಮಾರು 320 ಕಿಲೋಮೀಟರ್ ಹರಿದು ಕಡಲನ್ನು ಸೇರುವ ಮೊದಲು ಅದು ಕಾಲುವೆಗಳಾಗಿ ಕವಲೊಡೆದು ದೇಶದ ಬತ್ತದ ಗದ್ದೆಗಳಲ್ಲಿ ಬಹುಪಾಲಿಗೆ ನೀರುಣಿಸುತ್ತದೆ. ನಮ್ಮಲ್ಲಿ ಕಾವೇರಿಯ ಬಯಲು ಹೇಗೋ ಅವರಲ್ಲಿ ಆರ್ಟಿಬೊನೀಟಿನ ಬಯಲು ಹಾಗೆ. ಜನರು ಅದರಲ್ಲಿ ಮೀಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಗದ್ದೆಯಲ್ಲಿ ಕೆಲಸ ಮಾಡುವಾಗ ಅದನ್ನೇ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಾರೆ.

2010ರ ಅಕ್ಟೋಬರ್ ಎರಡನೆಯ ವಾರದಿಂದ ಮೊದಲುಗೊಂಡು ಹಳೆಯ ಯೋಧರ ಸ್ಥಾನಕ್ಕೆ ಹೊಸಬರು ನೇಪಾಳದಿಂದ ಬರತೊಡಗಿದರು. ಆ ವರ್ಷದ ಮಳೆಗಾಲದ ಕೊನೆಯಲ್ಲಿ ನೇಪಾಳದಲ್ಲಿ ಕಾಲರಾ ಕಾಣಿಸಿಕೊಂಡಿದ್ದಿತು. ಹೊರಡುವ ಮುನ್ನ ಯೋಧರಿಗೆ ವೈದ್ಯಪರೀಕ್ಷೆ ನಡೆದಿದ್ದರೂ, ರೋಗದ ಲಕ್ಷಣವಿಲ್ಲದವರ ಮಲವನ್ನು ಕಾಲರಾಕ್ಕಾಗಿ ಪರೀಕ್ಷಿಸುವ ನಿಯಮವೇ ಆಗ ಇರಲಿಲ್ಲ.

ಮೂರೂವರೆ ನಿಮಿಷಕ್ಕೊಬ್ಬ ರೋಗಿ

ಅಕ್ಟೋಬರ್ ತಿಂಗಳ ನಡುವಿನಲ್ಲಿ ಮಿರೆಬಲೆಯ ಆಸ್ಪತ್ರೆಗೆ ತೀವ್ರವಾದ ಭೇದಿಯಿಂದ ನರಳುವವರು ಬರಲಾರಂಭಿಸಿದರು. 20ನೆಯ ತಾರೀಖು ನದಿಯ ಕೆಳಭಾಗದಲ್ಲಿರುವ, ಕಡಲ ಸಮೀಪದ ಸೇಂಟ್ ಮಾರ್ಕ್ ಪಟ್ಟಣದ ಆಸ್ಪತ್ರೆಯಲ್ಲಿ ಹಿಂದೆಂದೂ ಕಾಣದ ಸಂಗತಿ ನಡೆಯಿತು. ಆ ಒಂದೇ ದಿನ ಅಲ್ಲಿ ಸೇರಿದ ರೋಗಿಗಳ ಸಂಖ್ಯೆ ಸುಮಾರು 400. ಹಗಲು ರಾತ್ರಿ ಸೇರಿಸಿ ಲೆಕ್ಕ ಹಾಕಿದರೆ ಮೂರೂವರೆ ನಿಮಿಷಕ್ಕೊಬ್ಬನಂತೆ ಆಯಿತು. ಅವರಲ್ಲಿ 40ಕ್ಕೂ ಹೆಚ್ಚು ಮಂದಿ ಅಂದೇ ಪ್ರಾಣಬಿಟ್ಟರು. ನದಿಯ ಬಯಲಿನ ಇತರ ಊರುಗಳಿಂದಲೂ ಒಟ್ಟೊಟ್ಟಿಗೆ ಅದೇ ಸುದ್ದಿ ಬಂದಿತು.

21ನೆಯ ತಾರೀಖು ಹೈಟಿಯ ರಾಷ್ಟ್ರೀಯ ಪ್ರಯೋಗಾಲಯವು ರೋಗವನ್ನು ಗುರುತಿಸಿತು: ಕಾಲರಾ. ಜನರಿಗೆ ನಂಬಿಕೆ ಬರಲಿಲ್ಲ. ಏಕೆಂದರೆ ಶತಮಾನದಿಂದೀಚೆಗೆ ಆ ದೇಶದಲ್ಲಿ ಕಾಲರಾ ಇದ್ದುದಕ್ಕೆ ದಾಖಲೆಯೇ ಇರಲಿಲ್ಲ. 1961ರಲ್ಲಿ ಇಂಡೊನೇಷ್ಯಾದಲ್ಲಿ ಮೊದಲಾದ ಏಳನೆಯ ಮಹಾಪಿಡುಗು 1991ರಲ್ಲಿ ಪೆರು ದೇಶವನ್ನು ಮುಟ್ಟಿ ದಕ್ಷಿಣ ಅಮೆರಿಕವನ್ನೆಲ್ಲ ಅಲುಗಾಡಿಸಿದಾಗಲೂ ಹೈಟಿ ಪಾರಾಗಿದ್ದಿತು. ಹೀಗಾಗಿ ಅಲ್ಲಿನ ಜನರ ಶರೀರಕ್ಕೆ ಈ ರೋಗದ ಪರಿಚಯವಿರಲಿಲ್ಲ. ವೈದ್ಯರಲ್ಲಿ ಹೆಚ್ಚಿನವರು ಅದನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದರು. ಒಂದು ತಿಂಗಳೊಳಗೆ ದೇಶದ ಹತ್ತೂ ಪ್ರಾಂತಗಳಿಗೆ ಕಾಲರಾ ವ್ಯಾಪಿಸಿತು.

ರೋಗಾಣುವಿನ ರೀತಿ

ಇಷ್ಟು ಶೀಘ್ರವಾಗಿ ಮನುಷ್ಯನನ್ನು ಕೊಲ್ಲುವ ಈ ರೋಗದ ಸ್ವರೂಪವೇನು? ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆದು ಹೆದರುತ್ತಿದ್ದುದು ಇದನ್ನೇ. ಇದರ ವಿಷಯದಲ್ಲಿ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಭಾರತದ ನೆಲದಲ್ಲಿಯೇ ಶೋಧಿತವಾದುದು. ಜರ್ಮನಿಯ ರಾಬರ್ಟ್ ಕಾಖ್ ಈ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದುದು 1884ರಲ್ಲಿ, ಕಲಕತ್ತೆಯಲ್ಲಿ. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಈ ಸೂಕ್ಷ್ಮಜೀವಿ ಕರುಳಿನಲ್ಲಿ ಮಾಡುವ ಕೆಲಸವೇನೆಂಬುದು ಅನಂತರವೂ ಎಷ್ಟೋ ಕಾಲ ಒಗಟಾಗಿಯೇ ಉಳಿಯಿತು. ಒಗಟನ್ನು ಬಿಡಿಸಿದವರು ಕಲಕತ್ತೆಯವರೇ ಆದ ಶಂಭುನಾಥ ಡೇ. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದಂತೆ ಮಾಡಿ, ಆ ದ್ರವವನ್ನು ಮೊಲದ ಕರುಳಿನೊಳಕ್ಕೆ ಅವರು ಸೇರಿಸಿದರು. ಕರುಳು ನೀರಿನಿಂದ ಉಬ್ಬಿಕೊಂಡಿತು! ಕೆಡುಕು ಮಾಡುವುದು ರೋಗಾಣು ಸೂಸುವ ವಿಷವೆಂಬುದು ಹೀಗೆ 1959ರಲ್ಲಿ ಸ್ಥಿರಪಟ್ಟಿತು.

ಈ ವಿಷವು ಸಣ್ಣ ಕರುಳಿನ ಒಳಪೊರೆಯ ಕೋಶಗಳನ್ನು ಕೊಲ್ಲುವುದಿಲ್ಲ, ಅವುಗಳನ್ನು ಮೋಸಗೊಳಿಸುತ್ತದೆ. ಕೋಶದೊಳಗೆ ಲವಣವನ್ನು ಹೊರಹಾಕುವ ಒಂದು ಬಾಗಿಲು ಇದೆ ಎಂದು ಭಾವಿಸಿ. ಸಾಮಾನ್ಯವಾಗಿ ಅದು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಿಕೊಳ್ಳುತ್ತದೆ. ಕಾಲರಾದ ವಿಷವು ಆ ಬಾಗಿಲನ್ನು ತೆರೆದಂತೆಯೇ ನಿಲ್ಲಿಸಿಬಿಡುತ್ತದೆ. ಲವಣ ಹೊರಕ್ಕೆ ಹರಿಯುತ್ತದೆ. ಲವಣವನ್ನು ಹಿಂಬಾಲಿಸಿ ನೀರು ಹೋಗುತ್ತದೆ. ಉಲ್ಬಣಿಸಿದ ರೋಗಿಯು ಗಂಟೆಗೆ ಒಂದು ಲೀಟರಿನಷ್ಟು ದ್ರವವನ್ನು ಕಳೆದುಕೊಳ್ಳಬಹುದು. ಬೆಳಗ್ಗೆ ಆರೋಗ್ಯವಂತನಾಗಿದ್ದವನು ಸಂಜೆಯೊಳಗೆ ಸಾಯುವುದು ಈ ಕಾರಣದಿಂದ. ಚಿಕಿತ್ಸೆ ದೊರೆಯದ ಕಠಿನ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಉಳಿಯಲಾರರು.

ಆದರೆ ಕಳೆದುಹೋದ ನೀರನ್ನೂ ಲವಣವನ್ನೂ ಹಿಂದಕ್ಕೆ ಕೊಟ್ಟರೆ ಇದರಷ್ಟು ಸುಲಭವಾಗಿ ವಾಸಿಯಾಗುವ ಮಾರಕ ರೋಗವೂ ಅಪರೂಪ. ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಕುಡಿಸುತ್ತ ಬಂದರೆ ಕರುಳು ಅದನ್ನು ಹೀರಿಕೊಳ್ಳುತ್ತದೆ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ಎಂಬಲ್ಲಿ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಈ ಪಾನಕವನ್ನೇ ನೆಚ್ಚಿಕೊಂಡು ಮರಣ ಪ್ರಮಾಣವನ್ನು ಶೇಕಡಾ 30ರ ಆಸುಪಾಸಿನಿಂದ ಶೇಕಡಾ 4ಕ್ಕಿಂತ ಕೆಳಗೆ ಇಳಿಸಿದರು. ಇಂದು ಸಕಾಲದ ಚಿಕಿತ್ಸೆಯಿದ್ದಲ್ಲಿ ಸಾಯುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕಥೆಯ ತಿರುಳು ಅದರಲ್ಲಿದೆ. ಕಾಲರಾದ ರೋಗಾಣುವನ್ನು ಹೊಟ್ಟೆಯಲ್ಲಿ ಹೊತ್ತ ಬಹುಪಾಲು ಜನರಿಗೆ ರೋಗದ ಲಕ್ಷಣವೇ ಕಾಣಿಸುವುದಿಲ್ಲ. ಅವರು ಉಂಡುಟ್ಟು ಓಡಾಡಿಕೊಂಡಿರುತ್ತಾರೆ. ಆದರೆ ಕೆಲವು ದಿನಗಳವರೆಗೆ ಅವರ ಮಲದಲ್ಲಿ ರೋಗಾಣುಗಳು ಹೊರಬೀಳುತ್ತಿರುತ್ತವೆ. ಇಂಥವನೊಬ್ಬ ವಿಮಾನವನ್ನೇರಿ ಒಂದೆರಡು ದಿನಗಳಲ್ಲಿ ಭೂಮಿಯ ಅರ್ಧ ಸುತ್ತು ಹಾಕಬಲ್ಲ. ಹಡಗಿನ ಕಾಲದಲ್ಲಿ ಕೆಲವೊಮ್ಮೆ ಪಯಣದ ನಡುವೆಯೇ ರೋಗ ಹೊರಬಿದ್ದು ಆರಿಹೋಗುತ್ತಿದ್ದಿತು. ವಿಮಾನದ ಕಾಲದಲ್ಲಿ ರೋಗಾಣುವು ಪ್ರಯಾಣಿಕನೊಡನೆ ಸುಖವಾಗಿ ಬಂದಿಳಿಯುತ್ತದೆ. ಅದು ಕಕ್ಕಸಿನ ಗುಂಡಿಯಲ್ಲಿಯೇ ಉಳಿದರೆ ಕಥೆ ಅಲ್ಲಿಗೆ ಮುಗಿಯಿತು. ಹೊಳೆಗೆ ಇಳಿದರೆ ಮಾತ್ರ ಅನರ್ಥ.

ಎರಡು ವಾದಗಳು

ಹೈಟಿಗೆ ಕಾಲರಾ ಬಂದುದು ಎಲ್ಲಿಂದ? ಈ ವಿಷಯದಲ್ಲಿ ಎರಡು ವಾದಗಳು ಹುಟ್ಟಿಕೊಂಡುವು.

ಮೊದಲನೆಯದು, ಅದು ಹೈಟಿಯ ಕಡಲ ನೀರಿನಲ್ಲಿಯೇ ಅಡಗಿದ್ದಿತೆಂಬ ವಾದ. ಇದು ಬರಿಯ ಊಹೆಯಲ್ಲ. ಕಾಲರಾದ ರೋಗಾಣುಗಳು ಅಳಿವೆಗಳ ಉಪ್ಪುಮಿಶ್ರಿತ ನೀರಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜಲಜಂತುಗಳಿಗೆ ಅಂಟಿಕೊಂಡು ಮನುಷ್ಯನ ಹಂಗಿಲ್ಲದೆಯೂ ಬದುಕಬಲ್ಲುವೆಂದು ಅಮೆರಿಕದ ರೀಟಾ ಕಾಲ್ವೆಲ್ ಮೊದಲಾದವರು ತೋರಿಸಿಕೊಟ್ಟಿದ್ದಾರೆ. ಭೂಕಂಪದಿಂದಲೋ, ಬಿಸಿಯೇರಿದ ಕಡಲಿನಿಂದಲೋ ಅವು ಹೆಚ್ಚಿ ಹಬ್ಬಿರಬಾರದೇಕೆ? ಎರಡನೆಯದು, ರೋಗವನ್ನು ಹೊರಗಿನಿಂದ ಯಾರೋ ತಂದರೆಂಬ ವಾದ. ಮಿರೆಬಲೆಯ ಜನರ ಬಾಯಲ್ಲಿ ಇದ್ದುದು ಈ ಎರಡನೆಯದು. ಪಾಳೆಯದಿಂದ ಹಳ್ಳದ ಕಡೆಗೆ ದುರ್ವಾಸನೆಯ ನೀರು ಹರಿಯುತ್ತಿದೆಯೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು.

ಈ ಎರಡು ವಾದಗಳನ್ನು ತೂಗಿ ನೋಡುವುದು ಹೇಗೆ? ಇಲ್ಲಿ ಪ್ರಯೋಗಶಾಲೆಯ ಉಪಕರಣಗಳಿಗಿಂತ ಮೊದಲು ನೆರವಿಗೆ ಬಂದುದು ಒಂದು ನಕಾಶೆ. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ, ಕಾಲರಾದಿಂದ ಸತ್ತವರ ಮನೆಗಳನ್ನು ನಕಾಶೆಯಲ್ಲಿ ಗುರುತು ಮಾಡುತ್ತ ಹೋಗಿ, ಅವೆಲ್ಲವೂ ಒಂದು ಬೀದಿಯ ನೀರಿನ ಪಂಪಿನ ಸುತ್ತ ನೆರೆದಿರುವುದನ್ನು ತೋರಿಸಿಕೊಟ್ಟಿದ್ದನು. 2010ರ ನವೆಂಬರಿನಲ್ಲಿ ಹೈಟಿಗೆ ಬಂದ ಫ್ರಾನ್ಸಿನ ರೆನೊ ಪಿಯಾರೂ ಮಾಡಿದುದೂ ಅದನ್ನೇ. ರೋಗ ಯಾವ ದಿನ ಯಾವ ಊರಿನಲ್ಲಿ ಕಾಣಿಸಿಕೊಂಡಿತೆಂಬುದನ್ನು ಅವರು ಅಲ್ಲಿನ ವೈದ್ಯರ ಜೊತೆಗೂಡಿ ಒಂದೊಂದಾಗಿ ಗೊತ್ತುಮಾಡಿದರು.

ರೋಗವು ಕಡಲಿನಿಂದ ಬಂದುದಾದರೆ ಅಳಿವೆಯ ಊರುಗಳಲ್ಲಿ ಮೊದಲು ಕಾಣಿಸಿಕೊಂಡು, ಅನಂತರ ಒಳನಾಡಿಗೆ ಏರಬೇಕಾಗಿದ್ದಿತು. ಭೂಕಂಪದ ಕಾರಣದಿಂದ ಆದುದಾದರೆ ರಾಜಧಾನಿಯ ಗುಡಾರಗಳಲ್ಲಿ ತಲೆಯೆತ್ತಬೇಕಾಗಿದ್ದಿತು. ನಡೆದುದು ಇವೆರಡೂ ಅಲ್ಲ. ಕಡಲಿನಿಂದ ದೂರವಾದ, ಭೂಕಂಪದಿಂದ ಹಾನಿಗೊಳ್ಳದ ಗುಡ್ಡಗಾಡಿನ ಮೇಯ್ ಹಳ್ಳಿಯ ಸುತ್ತ ರೋಗ ಮೊದಲು ಕಾಣಿಸಿಕೊಂಡಿತು. ಅಲ್ಲಿಂದ ಕೆಲವೇ ದಿನಗಳಲ್ಲಿ ನದಿಯ ಕೆಳಬಯಲಿನ ಊರುಗಳಲ್ಲೆಲ್ಲ ಏಕಕಾಲಕ್ಕೆ ಸ್ಫೋಟಿಸಿತು. ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗ ಹೀಗೆ ಒಂದೇ ದಿನ ಹತ್ತು ಊರುಗಳನ್ನು ಮುಟ್ಟಲಾರದು. ಹೊಳೆಯ ನೀರು ಮಾತ್ರ ಮುಟ್ಟಬಲ್ಲುದು.

ಚರಂಡಿಯ ಸಾಕ್ಷ್ಯ, ತಳಿಲಿಪಿಯ ಸಾಕ್ಷ್ಯ

2011ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯವರು ನಾಲ್ವರು ಸ್ವತಂತ್ರ ತಜ್ಞರ ಮಂಡಳಿಯೊಂದನ್ನು ನೇಮಿಸಿದರು. ಮೆಕ್ಸಿಕೋದ ಅಲೆಹಾಂಡ್ರೊ ಕ್ರಾವಿಯೊಟೊ, ಪೆರುವಿನ ಕ್ಲಾಡಿಯೊ ಲನಾಟಾ, ಅಮೆರಿಕದ ಡೇನಿಯಲ್ ಲಾಂಟೇನ್ ಇವರೊಡನೆ ನಾಲ್ಕನೆಯವರಾಗಿ ಇದ್ದವರು ಭಾರತದ ಬಾಲಕೃಷ್ ನಾಯರ್; ಕಲಕತ್ತೆಯ ಕಾಲರಾ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿದ್ದ ಸೂಕ್ಷ್ಮಜೀವಿ ವಿಜ್ಞಾನಿ. ಮೇ ತಿಂಗಳಲ್ಲಿ ಅವರ ವರದಿ ಹೊರಬಂದಿತು.

ಪಾಳೆಯದಲ್ಲಿ ಅವರು ಕಂಡುದು ಯಾವ ನಿಗೂಢ ರಹಸ್ಯವನ್ನೂ ಅಲ್ಲ; ಕೊಳಾಯಿಗಳನ್ನು. ಶೌಚಗೃಹಗಳ ಮತ್ತು ಸ್ನಾನಗೃಹಗಳ ಕೊಳವೆಗಳನ್ನು ಕ್ರಮವಿಲ್ಲದೆ ಜೋಡಿಸಲಾಗಿದ್ದಿತು. ಕೆಲವು ಕೊಳವೆಗಳು ಹಳ್ಳದ ಕಡೆಗೆ ಹೋಗುವ ತೆರೆದ ಮೋರಿಯ ಮೇಲೆ ಹಾದುಹೋಗಿದ್ದುವು. ಅವು ಸೋರಿದರೆ ಸೋರಿದುದು ನೇರವಾಗಿ ಹಳ್ಳಕ್ಕೆ. ತೊಟ್ಟಿಗಳಲ್ಲಿ ತುಂಬಿದ ಮಲವನ್ನು ಗುತ್ತಿಗೆದಾರನೊಬ್ಬ ಲಾರಿಯಲ್ಲಿ ಒಯ್ದು ಹತ್ತಿರದ ದಿಬ್ಬದ ಮೇಲಿನ ಗುಂಡಿಗೆ ಸುರಿಯುತ್ತಿದ್ದನು. ಆ ಗುಂಡಿಗೆ ಮುಚ್ಚಳವಿಲ್ಲ, ಸುತ್ತ ಬೇಲಿಯಿಲ್ಲ. ಜೋರು ಮಳೆ ಬಂದರೆ ಉಕ್ಕಿ ಹರಿಯಲು ಅಡ್ಡಿಯಿಲ್ಲ. ಮೇಯ್ ಹಳ್ಳದ ನೀರು ಎರಡು ಮೂರು ದಿನಗಳಲ್ಲಿ ಆರ್ಟಿಬೊನೀಟಿನ ಮುಖಜಭೂಮಿಯನ್ನು ತಲಪಬಲ್ಲುದೆಂದು ತಜ್ಞರು ನೀರಿನ ವೇಗದಿಂದ ಲೆಕ್ಕ ಹಾಕಿದರು. ರೋಗ ಹಬ್ಬಿದ ವೇಗವೂ ಅಷ್ಟೇ ಆಗಿದ್ದಿತು.

ಇದರ ಜೊತೆಗೆ ಮತ್ತೊಂದು ಬಗೆಯ ಸಾಕ್ಷ್ಯವೂ ಸೇರಿತು. ಪ್ರತಿಯೊಂದು ಜೀವಿಯ ಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ಅದರ ತಳಿಲಿಪಿ ಬರೆದಿರುತ್ತದೆ. ಕಾಲರಾ ರೋಗಾಣುವಿನ ಲಿಪಿಯಲ್ಲಿ ಸುಮಾರು 40 ಲಕ್ಷ ಅಕ್ಷರಗಳುಂಟು. ಪೀಳಿಗೆಯಿಂದ ಪೀಳಿಗೆಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಾಗುತ್ತದೆ. ಒಂದೇ ಮೂಲಪ್ರತಿಯಿಂದ ಇಬ್ಬರು ಲಿಪಿಕಾರರು ಮಾಡಿದ ಓಲೆಗರಿಯ ಪ್ರತಿಗಳಲ್ಲಿ ತಪ್ಪುಗಳು ಕಡಿಮೆಯಿದ್ದಷ್ಟೂ ಅವು ಹತ್ತಿರದ ನಂಟಿನವೆಂದು ವಿದ್ವಾಂಸರು ತೀರ್ಮಾನಿಸುವುದಿಲ್ಲವೆ? ಇಲ್ಲಿಯೂ ಹಾಗೆಯೇ. 2010ರಲ್ಲಿ ನೇಪಾಳದ ರೋಗಿಗಳಿಂದ ತೆಗೆದ 24 ಮಾದರಿಗಳ ಲಿಪಿಯನ್ನು ಹೈಟಿಯ ಮಾದರಿಗಳೊಡನೆ ಹೋಲಿಸಿ 2011ರ ಆಗಸ್ಟಿನಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ನೇಪಾಳದ ಒಂದು ಗುಂಪಿಗೂ ಹೈಟಿಯ ರೋಗಾಣುವಿಗೂ ಕಂಡುಬಂದ ವ್ಯತ್ಯಾಸ ಒಂದೆರಡು ಅಕ್ಷರಗಳಷ್ಟು ಮಾತ್ರ! ಕಡಲಿನಲ್ಲಿ ಶತಮಾನ ಕಾಲ ಅಡಗಿದ್ದ ರೋಗಾಣು ಇಷ್ಟೊಂದು ಹೋಲಿಕೆ ತೋರುವುದು ಅಸಂಭವ.

ತಜ್ಞಮಂಡಳಿಯು 2011ರ ವರದಿಯಲ್ಲಿ, ಅನೇಕ ಸನ್ನಿವೇಶಗಳು ಒಂದಾಗಿ ಕೂಡಿ ಈ ಅನರ್ಥವಾಯಿತೆಂದೂ ಇದು ಯಾವುದೇ ಒಂದು ಗುಂಪಿನ ಅಪರಾಧವಲ್ಲವೆಂದೂ ಹೇಳಿದ್ದಿತು. ಹೊಸ ಸಾಕ್ಷ್ಯಗಳು ದೊರೆತ ಮೇಲೆ, 2013ರಲ್ಲಿ ಅದೇ ನಾಲ್ವರು, ಪಾಳೆಯಕ್ಕೆ ಸಂಬಂಧಿಸಿದವರೇ ರೋಗದ ಅತ್ಯಂತ ಸಂಭಾವ್ಯ ಮೂಲವೆಂದು ಬರೆದರು. ಸಾಕ್ಷ್ಯ ಬದಲಾದಾಗ ಅಭಿಪ್ರಾಯವನ್ನೂ ಬಹಿರಂಗವಾಗಿ ಬದಲಾಯಿಸಿಕೊಳ್ಳುವುದು ವಿಜ್ಞಾನಕ್ಕೆ ಕುಂದಲ್ಲ, ಭೂಷಣ.

ನೇಪಾಳದ ಯೋಧರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ರೋಗಾಣು ತನ್ನೊಳಗಿದೆಯೆಂದು ಅವರಲ್ಲಿ ಯಾರಿಗೂ ತಿಳಿದಿರಲಾರದು. ಅದೇ ಸ್ಥಾನದಲ್ಲಿ ಭಾರತದ ತುಕಡಿಯಿದ್ದರೂ ಇದೇ ಆಗಬಹುದಾಗಿದ್ದಿತು. ಕಾಲರಾ ನಮ್ಮ ದೇಶವನ್ನು ಇನ್ನೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ತಪ್ಪಿದುದು ಮನುಷ್ಯನ ಹೊಟ್ಟೆಯಲ್ಲಲ್ಲ, ಪಾಳೆಯದ ಕೊಳವೆಯಲ್ಲಿ.

ಹೊಣೆಯ ಪ್ರಶ್ನೆ

ಇತ್ತ ವಿಜ್ಞಾನಿಗಳು ಮೂಲವನ್ನು ಹುಡುಕುತ್ತಿರುವಾಗ ಅತ್ತ ಜನ ಸಾಯುತ್ತಲೇ ಇದ್ದರು. 2010ರಿಂದ 2019ರವರೆಗೆ ದಾಖಲಾದ ರೋಗಿಗಳ ಸಂಖ್ಯೆ ಸುಮಾರು 8,20,000, ಸತ್ತವರು 9,792. ಲೆಕ್ಕಕ್ಕೆ ಸಿಗದೆ ಗುಡ್ಡಗಾಡಿನಲ್ಲಿ ಸತ್ತವರು ಬೇರೆ. ರೋಗವು ನೆರೆಯ ಡೊಮಿನಿಕನ್ ಗಣರಾಜ್ಯ, ಕ್ಯೂಬಾ, ಮೆಕ್ಸಿಕೋಗಳಿಗೂ ಹಾಯ್ದಿತು.

ಮನೆಯವರನ್ನು ಕಳೆದುಕೊಂಡವರು ಪರಿಹಾರ ಕೇಳಿದರು. ಅವರ ಮನವಿಯನ್ನು ಸ್ವೀಕರಿಸಲಾಗದೆಂದು ವಿಶ್ವಸಂಸ್ಥೆ 2013ರಲ್ಲಿ ತಿಳಿಸಿತು. ಅಮೆರಿಕದ ನ್ಯಾಯಾಲಯಕ್ಕೆ ಹೋದರೆ, ವಿಶ್ವಸಂಸ್ಥೆಯ ಮೇಲೆ ದಾವೆ ಹೂಡಲು ಕಾನೂನು ಎಡೆಗೊಡುವುದಿಲ್ಲವೆಂದು 2015ರಲ್ಲಿ ತೀರ್ಪಾಯಿತು. 2016ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ದೇಶ ದೇಶಗಳಲ್ಲಿ ನಿರ್ಭಯವಾಗಿ ಕೆಲಸ ಮಾಡಲು ಅಂತಹ ಸಂಸ್ಥೆಗೆ ಕಾನೂನಿನ ರಕ್ಷಣೆ ಬೇಕೆಂಬುದು ನಿಜ. ಆದರೆ ರಕ್ಷಣೆಯ ಗೋಡೆಯ ಹೊರಗೆ ನಿಂತವನ ದೂರನ್ನು ಕೇಳಲು ಒಂದು ಕಿಟಕಿಯಾದರೂ ಇರಬೇಡವೆ? ಹೈಟಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೇ ಇಂಥ ದೂರುಗಳಿಗಾಗಿ ಒಂದು ಆಯೋಗವನ್ನು ಸ್ಥಾಪಿಸುವ ಮಾತಿದ್ದಿತು. ಅದು ಎಂದೂ ಸ್ಥಾಪನೆಯಾಗಲಿಲ್ಲ.

2016ರ ಡಿಸೆಂಬರ್ 1ರಂದು ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ ಅವರು ಹೈಟಿಯ ಜನರ ಕ್ಷಮೆ ಬೇಡಿದರು. ರೋಗದ ನಿರ್ಮೂಲನಕ್ಕೂ ನೊಂದವರ ನೆರವಿಗೂ 40 ಕೋಟಿ ಡಾಲರುಗಳ ಯೋಜನೆಯನ್ನು ಪ್ರಕಟಿಸಲಾಯಿತು. ಕೈಗೆ ಬಂದುದು ಅದರಲ್ಲಿ ಸಣ್ಣ ಪಾಲು ಮಾತ್ರ. 2017ರ ಅಕ್ಟೋಬರಿನಲ್ಲಿ ಆ ಶಾಂತಿಪಾಲನಾ ಕಾರ್ಯಾಚರಣೆ ಮುಗಿಯಿತು. 2019ರ ಮೊದಲಲ್ಲಿ ಕಂಡ ರೋಗಿಯ ಅನಂತರ ಮೂರು ವರ್ಷಗಳಿಗೂ ಮೀರಿ ಕಾಲರಾದ ಸುಳಿವಿರಲಿಲ್ಲ. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, 2022ರ ಅಕ್ಟೋಬರಿನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ತಳಿಲಿಪಿಯನ್ನು ಓದಿ ನೋಡಿದಾಗ ಅದು 2010ರ ರೋಗಾಣುವಿನ ವಂಶಕ್ಕೇ ಸೇರಿದುದೆಂದು ತಿಳಿದುಬಂದಿತು.

ತಡೆಯಬಹುದಾಗಿತ್ತೆ?

ಅಗತ್ಯವಾಗಿ ತಡೆಯಬಹುದಾಗಿತ್ತು, ಅದೂ ಬಹಳ ದುಬಾರಿಯಾಗದ ಸಾಧನಗಳಿಂದ. ಅದಕ್ಕೆ ಎರಡು ಅಗುಳಿಗಳಿವೆ.

ಮೊದಲನೆಯ ಅಗುಳಿಯನ್ನು ಹಾಕಬೇಕಾದುದು ಹೊರಡುವ ದೇಶದಲ್ಲಿ. ಕಾಲರಾ ಇರುವ ನಾಡಿನಿಂದ ಹೊರಡುವ ಯೋಧರಿಗೆ ಪ್ರತಿಜೈವಿಕ ಔಷಧ ಕೊಡಬೇಕು, ಇಲ್ಲವೆ ಅವರ ಮಲವನ್ನು ಪರೀಕ್ಷಿಸಬೇಕು ಎಂದು ತಜ್ಞಮಂಡಳಿ ಸೂಚಿಸಿತು. ಬಾಯಿಯ ಮೂಲಕ ಕೊಡುವ ಕಾಲರಾ ಲಸಿಕೆಗಳೂ ಈಗ ದೊರೆಯುತ್ತವೆ. ಆದರೆ ಇವುಗಳಲ್ಲಿ ಯಾವುದೂ ನೂರಕ್ಕೆ ನೂರು ನಿಶ್ಚಿತವಲ್ಲ; ಮೇಲಾಗಿ ಮಲದಲ್ಲಿ ಹೊರಬೀಳುವ ರೋಗ ಕಾಲರಾ ಒಂದೇ ಅಲ್ಲ.

ಆದುದರಿಂದ ಎರಡನೆಯ ಅಗುಳಿಯೇ ಮುಖ್ಯವಾದುದು. ಅದನ್ನು ಹಾಕಬೇಕಾದುದು ಪಾಳೆಯದ ಒಳಗೆ. ಶೌಚದ ನೀರು ಮೊದಲು ಮುಚ್ಚಿದ ತೊಟ್ಟಿಯಲ್ಲಿ ನಿಲ್ಲಬೇಕು. ಅಲ್ಲಿ ಗಟ್ಟಿಯಾದುದು ತಳಕ್ಕಿಳಿಯುತ್ತದೆ. ತಿಳಿಯು ಎರಡನೆಯ ತೊಟ್ಟಿಗೆ ಹೋಗಬೇಕು. ಅದರೊಳಕ್ಕೆ ಗಾಳಿಯನ್ನು ಊದಿದರೆ ಉಪಕಾರಿಗಳಾದ ಸೂಕ್ಷ್ಮಜೀವಿಗಳು ಬೆಳೆದು ಕೊಳೆಯನ್ನು ತಿಂದುಹಾಕುತ್ತವೆ. ಕೊನೆಯಲ್ಲಿ ಕ್ಲೋರೀನನ್ನು ಬೆರೆಸಿ ಸಾಕಷ್ಟು ಹೊತ್ತು ಬಿಟ್ಟರೆ ಉಳಿದ ರೋಗಾಣುಗಳು ಸಾಯುತ್ತವೆ. ಸಾವಿರಾರು ಜನರನ್ನು ಕೊಂದ ಕಾಲರಾದ ಕ್ರಿಮಿಯು ಕ್ಲೋರೀನಿನ ಮುಂದೆ ಬಹಳ ದುರ್ಬಲ. ನಮ್ಮ ಊರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಶಕ್ತಿಯೂ ಅದೇ. ಕೊಳೆನೀರನ್ನು ಪಾಳೆಯದಲ್ಲಿಯೇ ಹೀಗೆ ನಿರ್ವಿಷಗೊಳಿಸದೆ ಹೊರಗೆ ಬಿಡಕೂಡದೆಂಬುದು ಲೋಕದ ಎಲ್ಲ ಶಾಂತಿಪಾಲನಾ ಪಾಳೆಯಗಳಿಗೂ ತಜ್ಞರು ಹೇಳಿದ ಮಾತು. ಹೈಟಿಯ ಅನುಭವವಾದ ಮೇಲೆ ವಿಶ್ವಸಂಸ್ಥೆಯು ತನ್ನ ಪಾಳೆಯಗಳ ಕೊಳೆನೀರಿನ ವಿಚಾರದಲ್ಲಿ ಹೆಚ್ಚಿನ ಎಚ್ಚರ ವಹಿಸತೊಡಗಿತು.

ದೊಡ್ಡ ಪಡೆಯೊಂದು ಪರದೇಶದಲ್ಲಿ ಬೀಡುಬಿಡುವಾಗ ಭೂಪಟವನ್ನು ಹರಡಿ ಅಧಿಕಾರಿಗಳು ಕೇಳುವ ಪ್ರಶ್ನೆಗಳು ಹಲವು: ರಸ್ತೆ ಎಲ್ಲಿದೆ, ಎತ್ತರದ ನೆಲ ಯಾವುದು, ವಿಮಾನ ಎಲ್ಲಿ ಇಳಿಯಬಹುದು, ಶತ್ರು ಎತ್ತಣಿಂದ ಬಂದಾನು. ಮೇಯ್ ಹಳ್ಳದ ದಂಡೆಯಲ್ಲಿಯೂ ಇವನ್ನೆಲ್ಲ ಕೇಳಿರಬೇಕು. ಕೇಳದೆ ಉಳಿದುದು ಅತಿ ಸಾಮಾನ್ಯವಾದ ಒಂದು ಪ್ರಶ್ನೆ. ಮನೆ ಕಟ್ಟುವಾಗ ನಮ್ಮ ಹಳ್ಳಿಯ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ: ಈ ಬಚ್ಚಲ ನೀರು ಯಾರ ಬಾವಿಯ ಕಡೆಗೆ ಹರಿಯುತ್ತದೆ?